ಕೊಡುವದೂ ತೆಗೆದುಕೊಳ್ಳುವದೂ

ಪಾಠಭಾಗ: ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, 4ನೆಯ ಅಧ್ಯಾಯ, 10ರಿಂದ 20ನೆಯ ವಚನದ ವರೆಗೆ.

ಪ್ರಿಯರೇ, ಕೊಡುವದರ ವಿಷಯವಾಗಿ ನಾವೆಲ್ಲರೂ ಅನೇಕ ಪ್ರಸಂಗಗಳನ್ನು ಕೇಳಿದ್ದೇವೆ. ಸುಗ್ಗಿಯ ಆರಾಧನೆ ಸಮೀಪಿಸಿದಾಗ ಒಂದು, ಸಭೆಯ ಚಂದಾ ಹಿಂದುಳಿದಾಗ ಮತ್ತೊಂದು, ಮಳೆಗಾಲದಲ್ಲಿ ದೇವಾಲಯದ ಹೆಂಚು ಸೋರಿದಾಗ ಇನ್ನೊಂದು. ಇವೆಲ್ಲ ಬೇಕಾದವುಗಳೇ. ಆದರೆ ತೆಗೆದುಕೊಳ್ಳುವದು ಹೇಗೆಂಬ ಪ್ರಸಂಗವನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಅದರಲ್ಲಿ ಕಲಿಯತಕ್ಕದ್ದೇನಿದೆ, ಕೈ ಚಾಚಿದರೆ ಆಯಿತಲ್ಲಾ ಎಂದು ಕೆಲವರು ಅಂದಾರು. ದೋಣಿಗಲ್, ಸಕಲೇಶಪುರ, ಆಲೂರು ಸೀಮೆಯ ಹಳ್ಳಿಗಳಲ್ಲಿಯೂ ತೋಟದ ಲೈನುಮನೆಗಳಲ್ಲಿಯೂ ತಿರುಗಾಡುವ ನಮಗೆ ಹಾಗೆ ತೋರುವದಿಲ್ಲ. ಕೈ ಚಾಚುವದು ಎಲ್ಲಕ್ಕಿಂತಲೂ ಕಷ್ಟವಾದ ಕೆಲಸವೆಂದು ಬಲ್ಲವರು ಬಡವರೇ.

ಕೊಡುವವನ ಪಾಲಿಗೆ ಹೆಚ್ಚಿನ ಧನ್ಯತೆ ಉಂಟೆಂದು ಕರ್ತನು ಹೇಳಿದ್ದನ್ನು ಪೌಲನು ಎಫೆಸದ ಹಿರಿಯರಿಗೆ ಜ್ಞಾಪಕಪಡಿಸಿದನೆಂದು ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅದು ಹೆಚ್ಚಿನದೆಂದರೆ ಇನ್ನೊಂದು ಕೀಳೆಂದು ಅರ್ಥವಲ್ಲ. ಸಭೆಯವರೆಲ್ಲರೂ ಕೊಡುವವರೇ ಆದರೆ ತೆಗೆದುಕೊಳ್ಳುವವರು ಯಾರು? ತೆಗೆದುಕೊಳ್ಳುವವನಿಲ್ಲದೆ ಕೊಡುವವನಿಗಾದರೂ ಆ ಧನ್ಯತೆ ಎಲ್ಲಿಂದ ಬರುವದು?

ನಮ್ಮ ಮಲೆಸೀಮೆಯವರು ಈ ವಿಷಯದಲ್ಲಿ ಏನೂ ಅರಿಯದವರಲ್ಲ. ಗದ್ದೆಯ ಕೆಲಸವು ಇಲ್ಲಿ ಬಹುಕಾಲ ಮುಯ್ಯಾಳಿನಿಂದ ನಡೆಯಿತು. ಸಸಿ ಬಲಿತು, ಮಳೆ ಹಿಡಿದು, ನಾಟಿಯ ಹದ ಬಂದಾಗ ಒಂದು ಮನೆಯವರಿಂದಲೇ ಕೆಲಸ ಮುಗಿಯಲಾರದು. ಆಗ ಇಂದು ಅವರು ನಿಮ್ಮ ಗದ್ದೆಗೆ ಬರುವರು, ನಾಳೆ ನೀವು ಅವರ ಗದ್ದೆಗೆ ಹೋಗುವಿರಿ. ಒಂದು ಆಳಿಗೆ ಒಂದು ಆಳು, ಒಂದು ದಿನಕ್ಕೆ ಒಂದು ದಿನ. ಕೂಲಿಯಿಲ್ಲ, ಕಾಗದವಿಲ್ಲ, ಆದರೆ ಲೆಕ್ಕ ಮಾತ್ರ ಎರಡು ಮನೆಯವರ ಮನಸ್ಸಿನಲ್ಲಿಯೂ ತಪ್ಪದೆ ಇರುವದು. ಗದ್ದೆಗಳು ಬೀಳುಬಿದ್ದು, ಆನೆಗಳ ಕಾಟ ಹೆಚ್ಚಿ, ಯಂತ್ರಗಳು ಬಂದು ಈಗ ಈ ಪದ್ಧತಿ ಬಹಳ ಕಡಿಮೆಯಾಗಿದೆ. ಮದುವೆಯಲ್ಲಿ ಮುಯ್ಯಿ ಬರೆಯುವ ಪದ್ಧತಿಯಾದರೋ ಇನ್ನೂ ಉಂಟು. ಇಂಥವರಿಂದ ಇಷ್ಟು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಅದಕ್ಕೆ ಕಡಿಮೆಯಾಗದಂತೆ ಹಿಂದಕ್ಕೆ ಕೊಡುತ್ತೇವೆ.

ಮುಯ್ಯಿಯನ್ನು ನಾವು ಹಳಿಯುವದಿಲ್ಲ. ಅದು ನೆರೆಯವರನ್ನು ಒಟ್ಟುಗೂಡಿಸುತ್ತದೆ. ತೆಗೆದುಕೊಂಡವನು ತಲೆ ಎತ್ತಿ ನಡೆಯುವ ಹಾಗೆ ಮಾಡುತ್ತದೆ. ಆದರೂ ಒಂದು ಮಾತನ್ನು ಗಮನಿಸಿರಿ. ಹಗೆ ತೀರಿಸುವದಕ್ಕೂ ನಮ್ಮ ಭಾಷೆಯಲ್ಲಿ ಮುಯ್ಯಿ ತೀರಿಸುವದೆಂದೇ ಹೇಳುತ್ತೇವೆ. ಉಪಕಾರವಾಗಲಿ ಅಪಕಾರವಾಗಲಿ ಬಂದಷ್ಟೇ ಹಿಂದಕ್ಕೆ ಹೋಗಬೇಕು, ಲೆಕ್ಕ ಸರಿಹೋಗಬೇಕು. ಇದೇ ಅದರ ನ್ಯಾಯ. ಹಾಗಾದರೆ ಹಿಂದಕ್ಕೆ ಕೊಡಲು ಆಳಿಲ್ಲದ ಮನೆಯ ಗತಿಯೇನು? ಗಂಡ ತೀರಿಹೋಗಿ ಸಣ್ಣ ಮಕ್ಕಳೊಂದಿಗೆ ಉಳಿದ ಹೆಂಗಸಿನ ಗದ್ದೆಗೆ ಮುಯ್ಯಾಳು ಯಾರು? ಅವಳನ್ನು ಯಾರೂ ಬೈಯುವದಿಲ್ಲ. ಲೆಕ್ಕದೊಳಗೆ ಸೇರಿಸುವದಿಲ್ಲ, ಅಷ್ಟೇ.

ಲೂಕನು ಬರೆದ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಕರ್ತನು ಈ ಲೆಕ್ಕವನ್ನೇ ಹಿಡಿದು ಮಾತಾಡುತ್ತಾನೆ. ಔತಣಮಾಡುವಾಗ ತಿರುಗಿ ನಿನ್ನನ್ನು ಕರೆಯಬಲ್ಲವರನ್ನು ಕರೆಯಬೇಡ, ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆ ಎಂಬದು ಅಲ್ಲಿಯ ಉಪದೇಶದ ಭಾವ. ಇದನ್ನು ಕುರಿತು ಪ್ರಸಂಗ ಮಾಡುವವರು ಮನೆಯ ಯಜಮಾನನ ವಿಷಯವನ್ನೇ ಹೇಳುತ್ತಾರೆ. ಆ ಕುಂಟನ ವಿಷಯವನ್ನು ಹೇಳುವವರಿಲ್ಲ. ಅವನು ಬಂದನಲ್ಲಾ! ಹಿಂದಕ್ಕೆ ಕೊಡಲು ತನ್ನಲ್ಲಿ ಏನೂ ಇಲ್ಲವೆಂದು ತಿಳಿದೂ, ತಾನು ಈ ಮನೆಯವರನ್ನು ಎಂದಿಗೂ ಕರೆಯಲಾರೆನೆಂದು ತಿಳಿದೂ, ಪಂಕ್ತಿಯಲ್ಲಿ ಕೂತು ಉಂಡನಲ್ಲಾ! ಅದಕ್ಕೆ ಬೇಕಾದ ಧೈರ್ಯವು ಕರೆದವನಿಗೆ ಬೇಕಾದ ಧೈರ್ಯಕ್ಕಿಂತ ಕಡಿಮೆಯದಲ್ಲ.

ನಮ್ಮ ಜನರು ತೆಗೆದುಕೊಳ್ಳಲು ಹೆದರುವದಕ್ಕೆ ಮುಯ್ಯಿಗಿಂತ ಬಲವಾದ ಕಾರಣವೊಂದುಂಟು. 1843ರಲ್ಲಿ ಮಂಜರಾಬಾದಿನ ಸೀಮೆಯಲ್ಲಿ ಗ್ರೀನ್ ಎಂಬ ದೊರೆ ಕಾಫಿ ತೋಟ ಹಾಕಿದ ಮೇಲೆ ಈ ಬೆಟ್ಟಗಳಲ್ಲಿ ತೋಟಗಳು ಹಬ್ಬಿದವು, ಆಳುಗಳು ಬೇಕಾದರು. ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ತಂದರು. ಕೊಡುವಾಗ ಅದು ಉಪಕಾರದ ಹಾಗಿತ್ತು. ಮಗಳ ಮದುವೆಗೆ ಇಷ್ಟು, ಹಬ್ಬಕ್ಕೆ ಇಷ್ಟು, ಕಾಯಿಲೆಗೆ ಇಷ್ಟು. ತೆಗೆದುಕೊಂಡ ಮೇಲೆ ಅದು ಹಗ್ಗವಾಯಿತು. 1859ರಲ್ಲಿ ಬ್ರಿಟಿಷ್ ಸರಕಾರವು ಮಾಡಿದ 13ನೆಯ ಕಾಯಿದೆಯು ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಅಧಿಕಾರವನ್ನು ಯಜಮಾನರಿಗೆ ಕೊಟ್ಟಿತು. ತೋಟದ ಹೊರಗೆ ಜೀತವಿತ್ತು. ಅಪ್ಪನು ತಂದ ಕೊಂಚ ಹಣಕ್ಕೆ ಮಗನು ದುಡಿದನು, ಮಗನು ತೀರಿಸಲಾರದ್ದಕ್ಕೆ ಮೊಮ್ಮಗನು ದುಡಿದನು. 1976ರಲ್ಲಿ ಜೀತಪದ್ಧತಿಯನ್ನು ರದ್ದುಮಾಡುವ ಕಾಯಿದೆ ಬಂದು ಆ ಸಾಲಗಳೆಲ್ಲ ಅಳಿದುಹೋದವು. ಕಾಯಿದೆಯು ಸಾಲವನ್ನು ಅಳಿಸಿತು, ಭಯವನ್ನು ಅಳಿಸಲಿಲ್ಲ. ಯಾರ ಹಂಗೂ ಬೇಡ ಎಂಬ ಮಾತು ನಮ್ಮ ಬಡಮನೆಗಳಲ್ಲಿ ಎಷ್ಟು ಸಾರಿ ಕೇಳಿಬರುತ್ತದೆ! ಅದು ಬರೀ ಗರ್ವದ ಮಾತಲ್ಲ. ಹಗ್ಗದ ಗಾಯವಿದ್ದ ಕೊರಳಿನಿಂದ ಬರುವ ಮಾತದು.

ಒಂದು ಸಭೆಯಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಊರೂ ಹೆಸರೂ ಬೇಡ. ಜೀವಮಾನವೆಲ್ಲಾ ತೋಟದಲ್ಲಿ ದುಡಿದ ಮುದುಕನೊಬ್ಬನು ಅಲ್ಲಿದ್ದನು. ಯಾರ ಮನೆಯಲ್ಲಿ ಸಾವಾದರೂ ಗುಂಡಿ ತೋಡಲು ಅವನೇ ಮೊದಲು. ಯಾರಿಗೆ ಕಾಯಿಲೆಯಾದರೂ ಹೊರುವದಕ್ಕೆ ಅವನದೇ ಹೆಗಲು. ಒಂದು ಆಷಾಢದಲ್ಲಿ ಅವನು ಜಾರಿ ಬಿದ್ದು ಕಾಲು ಮುರಿದುಕೊಂಡನು. ಮಳೆ ಹೊಡೆಯುವ ಆ ತಿಂಗಳುಗಳಲ್ಲಿ ದುಡಿಯದವನಿಗೆ ಅನ್ನವಿಲ್ಲವೆಂಬದು ನಿಮಗೆ ಗೊತ್ತೇ ಇದೆ. ಸಭೆಯ ಇಬ್ಬರು ಹೆಂಗಸರು ಅಕ್ಕಿಯನ್ನೂ ಬೆಲ್ಲವನ್ನೂ ಚೀಲದಲ್ಲಿ ಕಟ್ಟಿ ತಂದಿಟ್ಟರು. ಮರುದಿನ ಬೆಳಿಗ್ಗೆ ಆ ಚೀಲ, ಕಟ್ಟಿದ ಗಂಟು ಬಿಚ್ಚದೆ, ಹಿಂದಕ್ಕೆ ಬಂತು. ನಾವು ಹೋಗಿ ಕೇಳಿದಾಗ ಅವನು, “ಉಪದೇಶಿಯವರೇ, ಇದನ್ನು ತೀರಿಸುವ ಶಕ್ತಿ ನನಗಿಲ್ಲ. ತೀರಿಸದೆ ತಿಂದರೆ ಗಂಟಲಲ್ಲಿ ಇಳಿಯುವದಿಲ್ಲ,” ಅಂದನು. ಅವನ ತಾತನು ಜೀತಕ್ಕಿದ್ದವನು. ವಾಕ್ಯಗಳನ್ನು ತೆಗೆದು ತೋರಿಸಿದೆವು. ಅವನು ತಲೆದೂಗಿದನು, ಚೀಲವನ್ನು ಮಾತ್ರ ಮುಟ್ಟಲಿಲ್ಲ.

ಅವನಿಗೆ ಪಾಠ ಹೇಳಿದವಳು ಅಕ್ಷರ ಬಾರದ ಒಬ್ಬ ಮುದುಕಿ. ಆ ಸಂಜೆ ಅವಳು ಬಂದು ಹೊಸ್ತಿಲ ಮೇಲೆ ಕೂತು, “ಅಣ್ಣಾ, ನಮ್ಮ ಹುಡುಗನಿಗೆ ಜ್ವರ ಏರಿದ ರಾತ್ರಿ ನೀನು ಅವನನ್ನು ಹೊತ್ತುಕೊಂಡು ಸಕಲೇಶಪುರದ ತನಕ ನಡೆದೆ. ಆವತ್ತು ನಾನು ಬೇಡ ಅಂದೆನಾ? ನಿನ್ನ ಕೈಯಿಂದ ತಕ್ಕೊಂಡ ನಾನು ನಿನ್ನ ಕಣ್ಣಿಗೆ ಕೀಳಾಗಿ ಕಾಣುತ್ತಿದ್ದೆನಾ?” ಎಂದು ಕೇಳಿದಳು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಅವಳು ಎದ್ದುಹೋದಾಗ ಚೀಲ ಅಲ್ಲಿಯೇ ಇತ್ತು.

ಆ ಮುದುಕಿಯ ಪ್ರಶ್ನೆಯನ್ನು ನಾವು ಅಂದಿನಿಂದ ಬಹಳವಾಗಿ ಯೋಚಿಸಿದ್ದೇವೆ. ಕೊಡುವದಕ್ಕೆ ಮಾತ್ರ ಒಪ್ಪಿ ತೆಗೆದುಕೊಳ್ಳಲು ಒಪ್ಪದವನು, ತನ್ನಿಂದ ತೆಗೆದುಕೊಂಡವರನ್ನು ಎಲ್ಲಿ ಕೂರಿಸಿದ್ದಾನೆ? ತಾನು ಒಲ್ಲದ ಸ್ಥಳದಲ್ಲಿ ಅವರನ್ನು ಇಟ್ಟಿದ್ದಾನೆ. ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಮೇಲಿನಿಂದ ನೀರು ಹೊಯ್ಯುವ ಕೈಯನ್ನೂ ಕೆಳಗೆ ಬೊಗಸೆಯೊಡ್ಡಿ ಕುಡಿಯುವ ಬಾಯಿಯನ್ನೂ ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಮೇಲಿನವನು ನೀರು ಕೊಟ್ಟನು, ಹೌದು. ಕೆಳಗಿನವನ ಕೊಡದಿಂದ ತಾನು ಎಂದೂ ಕುಡಿಯಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೆ ಇವನ ಮನೆಯ ನೀರನ್ನು ಕೇಳಿ ಕುಡಿ ಎಂದು ಯಾವ ಕಾಯಿದೆಯೂ ಯಾರಿಗೂ ಹೇಳಲಾರದು.

ಕರ್ತನು ಅದನ್ನೇ ಮಾಡಿದನು. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯವನ್ನು ತೆಗೆಯಿರಿ. ದಣಿದು ಬಾವಿಯ ಬಳಿ ಕೂತ ಯೇಸು ಸಮಾರ್ಯದ ಸ್ತ್ರೀಯನ್ನು ನೀರು ಕೇಳುತ್ತಾನೆ. ಯೆಹೂದ್ಯರು ಸಮಾರ್ಯದವರೊಂದಿಗೆ ಬಳಕೆಯಿಲ್ಲದವರು. ಆದದರಿಂದ ಅವಳಿಗೆ ಆಶ್ಚರ್ಯವಾಯಿತು. ಜೀವಜಲದ ಮಾತು ಆಮೇಲೆ ಬಂತು. ಮೊದಲು ಬಂದದ್ದು ಬಾಯಾರಿಕೆ. ಅವಳಿಗೆ ಕೊಡುವ ಮೊದಲು ಅವಳಿಂದ ಕೇಳಿದನು. ಬರೇ ಕೊಟ್ಟಿದ್ದರೆ ದೊಡ್ಡವನೊಬ್ಬನು ಬಂದು ಹೋದನೆಂದು ಅವಳು ಹೇಳುತ್ತಿದ್ದಳೇನೋ. ಮತ್ತು ಇದು ಒಂದು ದಿನದ ಮಾತಲ್ಲ: ಮಗ್ದಲದ ಮರಿಯಳು, ಹೆರೋದನ ಮನೆವಾರ್ತೆಗಾರನಾದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು ಮೊದಲಾದ ಹೆಂಗಸರು ತಮ್ಮ ಆಸ್ತಿಯಿಂದ ಕರ್ತನಿಗೂ ಶಿಷ್ಯರಿಗೂ ಉಪಚಾರ ಮಾಡಿದರೆಂದು ಲೂಕನು 8ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ರೊಟ್ಟಿಗಳನ್ನು ಹೆಚ್ಚಿಸಬಲ್ಲವನು ಹೆಂಗಸರ ಅಡಿಗೆಯನ್ನು ಉಂಡನು.

ಪೇತ್ರನಿಗೆ ಇದು ಹಿಡಿಸಲಿಲ್ಲ. ಕರ್ತನು ನಡುವಿಗೆ ಬಟ್ಟೆ ಕಟ್ಟಿಕೊಂಡು ಕಾಲು ತೊಳೆಯಲು ಬಂದಾಗ ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡನು. ಅದು ಭಕ್ತಿಯ ಹಾಗೆ ಕಾಣುತ್ತದೆ. ಆದರೆ ಕರ್ತನು ಅದನ್ನು ಮೆಚ್ಚಲಿಲ್ಲ. ತೊಳೆಯಿಸಿಕೊಳ್ಳದವನಿಗೆ ತನ್ನೊಂದಿಗೆ ಪಾಲಿಲ್ಲವೆಂದು ಖಂಡಿತವಾಗಿ ಹೇಳಿದನು. ಕೂಡಲೇ ಪೇತ್ರನು ಕೈಯನ್ನೂ ತಲೆಯನ್ನೂ ತೊಳೆ ಅನ್ನುತ್ತಾನೆ! (ನಮ್ಮಲ್ಲಿಯೂ ಇಂಥವರುಂಟು, ಮೊದಲು ಏನೂ ಬೇಡವೆಂಬರು, ಆಮೇಲೆ ಎಲ್ಲಾ ತಾ ಎಂಬರು.)

ಚಾರೆಪ್ತದ ವಿಧವೆಯ ಕಥೆ ನಿಮಗೆ ಗೊತ್ತು. ಅರಸುಗಳು ಮೊದಲನೆಯ ಪುಸ್ತಕದ 17ನೆಯ ಅಧ್ಯಾಯ. ಆದರೂ ಎಲೀಯನ ಕಡೆಯಿಂದ ಅದನ್ನು ಇನ್ನೊಮ್ಮೆ ಓದಿರಿ. ಬರಗಾಲದಲ್ಲಿ ದೇವರು ಅವನನ್ನು ಮೊದಲು ಹಳ್ಳದ ಬಳಿ ಕಾಗೆಗಳಿಂದ ಪೋಷಿಸಿದನು. ಹಳ್ಳ ಬತ್ತಿದ ಮೇಲೆ ಧನವಂತನ ಮನೆಗೆ ಕಳುಹಿಸಬಹುದಾಗಿತ್ತು; ಅನ್ಯದೇಶದ ಒಬ್ಬ ವಿಧವೆಯ ಬಳಿಗೆ ಕಳುಹಿಸಿದನು. ಅವಳ ಮಡಕೆಯಲ್ಲಿ ಒಂದು ಹಿಡಿ ಹಿಟ್ಟು. ಸೌದೆ ಆರಿಸುತ್ತಿದ್ದದ್ದು ಕಡೆಯ ಅಡಿಗೆಗೆ. ಅದನ್ನು ಮಗನೊಂದಿಗೆ ತಿಂದು ಸಾಯುವದೆಂದು ಅವಳೇ ಹೇಳಿದಳು. ಅಂಥವಳ ಮುಂದೆ ನಿಂತು, ಮೊದಲು ನನಗೊಂದು ರೊಟ್ಟಿ ಮಾಡಿ ತಾ ಎಂದು ಕೇಳಬೇಕಾದರೆ ಎಲೀಯನ ನಾಲಿಗೆ ಹೇಗೆ ಎದ್ದಿತೋ! ಬಡವರ ಕೈಯಿಂದ ತೆಗೆದುಕೊಳ್ಳಬಾರದು, ಅವರಿಗೆ ಕೊಡಬೇಕು ಅಷ್ಟೇ ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ದೇವರು ಹಾಗೆ ಎಣಿಸಲಿಲ್ಲ. ಅವಳ ಮನೆ ಉಳಿದದ್ದು ಅವಳು ಕೊಟ್ಟದ್ದರಿಂದ. ಅವಳು ಕೊಟ್ಟದ್ದು ಪ್ರವಾದಿ ಕೇಳಿದ್ದರಿಂದ. ಹಿಡಿ ಅಕ್ಕಿ ತೆಗೆದಿಡುವ ಪದ್ಧತಿಯನ್ನು ನಮ್ಮ ಸಭೆಗಳಲ್ಲಿ ಬಡಮನೆಗಳಿಗೂ ಹೇಳಿಕೊಡುವದು ಇದಕ್ಕಾಗಿಯೇ. ಅವಳು ಬಡವಳು, ಅವಳಿಂದ ಬೇಡ ಎಂದು ಅವಳ ಬಾಗಿಲನ್ನು ದಾಟಿಹೋಗುವ ಸಭಾಹಿರಿಯನು ದಯೆ ತೋರಿಸಿದೆನೆಂದು ತಿಳಿಯುತ್ತಾನೆ. ಅವಳಾದರೋ ತನ್ನನ್ನು ಎಣಿಕೆಯಿಂದ ಬಿಟ್ಟರೆಂದು ತಿಳಿಯುತ್ತಾಳೆ.

ನಮ್ಮ ಸಭೆಗಳು ತೆಗೆದುಕೊಂಡೇ ಹುಟ್ಟಿದವು, ಇದನ್ನು ಮರೆಮಾಡುವದರಲ್ಲಿ ಅರ್ಥವಿಲ್ಲ. 1876ರಿಂದ 78ರ ವರೆಗಿನ ಘೋರವಾದ ಬರದಲ್ಲಿ ಮೈಸೂರು ಸಂಸ್ಥಾನವು ಜನರನ್ನು ಎಷ್ಟು ಕಳಕೊಂಡಿತೆಂದರೆ, 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷವಿತ್ತು. ತಾಯಿತಂದೆಗಳಿಲ್ಲದ ಮಕ್ಕಳಿಗಾಗಿ ವೆಸ್ಲಿಯನ್ ಮಿಶನಿನವರು ಹಾಸನದಲ್ಲಿ ಬಾಲಿಕೆಯರ ಅನಾಥಾಲಯವನ್ನೂ ತುಮಕೂರಿನಲ್ಲಿ ಬಾಲಕರದನ್ನೂ ನಡಿಸಿದರು. ಆ ಗಂಜಿಯನ್ನು ಕುಡಿದು ಬದುಕಿದವರನ್ನು ಗಂಜಿಗಾಗಿ ಮತ ಬಿಟ್ಟವರೆಂದು ಹಳಿದವರುಂಟು. ಹಸಿದ ಮಗುವು ಗಂಜಿ ಕುಡಿಯುವದರಲ್ಲಿ ನಾಚಿಕೆಯೇನೆಂದು ನಾವು ಕೇಳುತ್ತೇವೆ.

ಆ ಹಣ ಬಂದದ್ದಾದರೂ ಎಲ್ಲಿಂದ? ದೊಡ್ಡ ದೊರೆಗಳ ಪೆಟ್ಟಿಗೆಯಿಂದ ಎಂದು ನಮ್ಮವರಲ್ಲಿ ಅನೇಕರು ಎಣಿಸಿದ್ದರು. ಘಟ್ಟದ ಕೆಳಗೆ ಮಂಗಳೂರಲ್ಲಿ 1834ರಿಂದ ಕೆಲಸ ನಡಿಸಿದ ಬಾಸೆಲ್ ಮಿಶನಿಗೆ ಸ್ವಿಸ್ ಜರ್ಮನ್ ದೇಶಗಳಲ್ಲಿ ಅರ್ಧ ಬಾತ್ಸೆನ್ ಚಂದಾ ಎಂಬದೊಂದಿತ್ತು. ಬಾತ್ಸೆನ್ ಅಂದರೆ ಅಲ್ಲಿಯ ಸಣ್ಣ ನಾಣ್ಯ. ಅದರಲ್ಲಿ ಅರ್ಧವನ್ನು ಬಡಕುಟುಂಬಗಳು ವಾರವಾರ ಕೊಟ್ಟರು. ವೆಸ್ಲಿಯನ್ ಸಭೆಗಳಲ್ಲಿ ಮಕ್ಕಳು ಮನೆಮನೆಗೆ ಹೋಗಿ ಪೆನ್ನಿ ಕಾಸುಗಳನ್ನು ಕೂಡಿಸಿದರು. ಇದನ್ನು ತಿಳಿಯದೆ ತೆಗೆದುಕೊಂಡದ್ದರಿಂದ ನಮ್ಮಲ್ಲಿ ಎರಡು ವಿಧವಾದ ಕೇಡು ಉಂಟಾಯಿತು. ಕೆಲವರು ಮಿಶನ್ ಕೊಡಲಿ, ಅದಕ್ಕೇನು ಕೊರತೆ ಎಂದು ಕೈಕಟ್ಟಿ ಕೂತರು. ಇನ್ನು ಕೆಲವರು ಆ ಹೆಸರನ್ನೇ ಕೇಳಲಾರದಷ್ಟು ನಾಚಿದರು. ಇಬ್ಬರೂ ಕೊಟ್ಟವನ ಮುಖವನ್ನು ನೋಡಲಿಲ್ಲ. ತನ್ನ ಮಗುವಿನ ರೊಟ್ಟಿಯಿಂದ ಅರ್ಧ ಕಾಸನ್ನು ಉಳಿಸಿದ ತಾಯಿಯು ಅದರ ಹಿಂದೆ ಇದ್ದಾಳೆಂದು ತಿಳಿದವನು ಸೋಮಾರಿಯಾಗಲಾರನು, ನಾಚಿಕೊಳ್ಳಲಾರನು.

ಹಾಗಾದರೆ ಕೊಟ್ಟದ್ದನ್ನೆಲ್ಲಾ ತೆಗೆದುಕೊಳ್ಳಬೇಕೋ? ಇಲ್ಲ. ನಾಮಾನನು ತಂದ ಬೆಳ್ಳಿಬಂಗಾರವನ್ನು ಎಲೀಷನು ಮುಟ್ಟಲಿಲ್ಲ. ಹಿಂದಿನಿಂದ ಓಡಿಹೋಗಿ ತೆಗೆದುಕೊಂಡ ಗೇಹಜಿಗೆ ಆದದ್ದನ್ನು ಅರಸುಗಳು ಎರಡನೆಯ ಪುಸ್ತಕದ 5ನೆಯ ಅಧ್ಯಾಯದಲ್ಲಿ ನೋಡಿರಿ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲು ತಟ್ಟಿ ಕೊಡುವ ನೋಟು ಮುಂಗಡವೇ ಹೊರತು ದಾನವಲ್ಲ. ಹೆಚ್ಚಾಗಿ ತೆಗೆದುಕೊಳ್ಳುವದೂ ಸಲ್ಲದು. ಕಲ್ಯಾಣದ ಶರಣೆ ಆಯ್ದಕ್ಕಿ ಲಕ್ಕಮ್ಮನು, ಗಂಡನಾದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದಳೆಂದು ಕನ್ನಡಿಗರೆಲ್ಲರೂ ಬಲ್ಲರು. ಅಡವಿಯಲ್ಲಿ ಮನ್ನವನ್ನು ನಾಳೆಗೆಂದು ಇಟ್ಟುಕೊಂಡವರಿಗೆ ಅದು ಹುಳ ಬಿದ್ದು ನಾರಿತು. ಆ ಮನ್ನದ ಮಾತನ್ನೇ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಎತ್ತಿ, ಈಗ ನಿಮ್ಮ ಸಮೃದ್ಧಿ ಅವರ ಕೊರತೆಗೆ, ಮುಂದೆ ಅವರ ಸಮೃದ್ಧಿ ನಿಮ್ಮ ಕೊರತೆಗೆ ಎಂಬ ಅಭಿಪ್ರಾಯವನ್ನು ಹೇಳುತ್ತಾನೆ.

ಮುಯ್ಯಿಯೂ ಅಲ್ಲದ ಮುಂಗಡವೂ ಅಲ್ಲದ ಕೊಡುಕೊಳ್ಳುವಿಕೆ ನಮ್ಮೂರಲ್ಲಿಯೂ ಇಲ್ಲದ್ದಲ್ಲ. 2021ರ ಜುಲೈಯಲ್ಲಿ ದೋಣಿಗಲ್ಲಿನ ಬಳಿ ಹೆದ್ದಾರಿ ಕುಸಿಯಿತು. 2022ರ ಜುಲೈಯಲ್ಲಿ ತಿರುಗಿ ಕುಸಿದು ಶಿರಾಡಿ ಘಾಟಿಯ ಸಂಚಾರ ಕಟ್ಟಿತು. ದಾರಿ ಕಟ್ಟಿ ಮಳೆಯಲ್ಲಿ ನಿಂತ ಲಾರಿಯವನಿಗೆ ದಾರಿಬದಿಯ ಮನೆಯವರು ಒಂದು ಲೋಟ ಕಾಫಿ ಕೊಟ್ಟರೆ ಅವನು ಏನು ಮಾಡುತ್ತಾನೆ? ಎರಡು ಕೈಯಿಂದ ತೆಗೆದುಕೊಳ್ಳುತ್ತಾನೆ, ಕುಡಿಯುತ್ತಾನೆ, ಲೋಟ ತೊಳೆದಿಟ್ಟು ನಿಮ್ಮ ಮಕ್ಕಳು ಚೆನ್ನಾಗಿರಲಿ ಅನ್ನುತ್ತಾನೆ. ಅವನು ಎಲ್ಲಿಯವನೋ, ತಿರುಗಿ ಆ ಮನೆಗೆ ಬರುವನೆಂಬ ನಂಬಿಕೆ ಇಬ್ಬರಿಗೂ ಇಲ್ಲ.

ಈಗ ನಮ್ಮ ಪಾಠಭಾಗಕ್ಕೆ ಬರೋಣ. ಪೌಲನು ಎಲ್ಲರಿಂದಲೂ ತೆಗೆದುಕೊಳ್ಳುವವನಲ್ಲ. ಕೊರಿಂಥದಲ್ಲಿ ಅವನು ಗುಡಾರ ಹೊಲಿದು ಸ್ವಂತ ಕೈಯಿಂದ ದುಡಿದನು, ಅಲ್ಲಿಯವರ ಹಣವನ್ನು ಒಲ್ಲೆನೆಂದನು. ಯಾಕಂದರೆ ಹಣ ಕೊಟ್ಟು ಬೋಧಕನನ್ನು ತಮ್ಮವನನ್ನಾಗಿ ಮಾಡಿಕೊಳ್ಳುವ ಗುಂಪುಗಾರಿಕೆ ಆ ಊರಲ್ಲಿತ್ತೆಂದು ನಮಗೆ ತೋರುತ್ತದೆ. ಫಿಲಿಪ್ಪಿಯ ಸಂಗತಿ ಬೇರೆ. ಅಲ್ಲಿ ಅವನು ಮೊದಲಿನಿಂದಲೇ ತೆಗೆದುಕೊಂಡನು. ಲುದ್ಯಳೆಂಬ ವ್ಯಾಪಾರಗಾರ್ತಿಯು ಬಲವಂತಮಾಡಿ ಮನೆಯಲ್ಲಿ ಇಳಿಸಿಕೊಂಡಳು. ಪೆಟ್ಟು ತಿಂದ ಅವನ ಬೆನ್ನಿನ ಗಾಯಗಳನ್ನು ಸೆರೆಮನೆಯ ಯಜಮಾನನೇ ರಾತ್ರಿಯಲ್ಲಿ ತೊಳೆದನು. ಮುಂದೆ ಥೆಸಲೊನೀಕದಲ್ಲಿದ್ದಾಗ ಒಂದೆರಡು ಸಾರಿ ಸಹಾಯ ಕಳುಹಿಸಿದರು. ಈ ಮಕೆದೋನ್ಯದವರು ಕಡುಬಡವರೆಂದು ಪೌಲನೇ ಸಾಕ್ಷಿ ಹೇಳುತ್ತಾನೆ. ಆದರೂ ಬೇಡವೆನ್ನಲಿಲ್ಲ.

ಈ ವಚನಗಳಲ್ಲಿ ಅವನು ಉಪಯೋಗಿಸಿದ ಮಾತುಗಳು ಗ್ರೀಕ್ ಭಾಷೆಯಲ್ಲಿ ಅಂಗಡಿಯ ಮಾತುಗಳು. ಕೊಡುಕೊಳ್ಳುವ ಲೆಕ್ಕವೆಂಬದು ಒಂದು. ಎಲ್ಲಾ ನನಗೆ ಸಂದಿದೆ ಎಂದು 18ನೆಯ ವಚನದಲ್ಲಿ ಹೇಳುವಾಗ ಅವನು ಬರೆದ ಶಬ್ದವು ಆ ಕಾಲದ ರಸೀದಿಗಳಲ್ಲಿ ಹಣ ಪೂರಾ ಮುಟ್ಟಿತೆಂದು ಬರೆಯುತ್ತಿದ್ದ ಶಬ್ದವೇ. ನಮ್ಮ ಮುಯ್ಯಿಯ ಪುಸ್ತಕದ ಹಾಗೆ ಒಂದು ಕಡೆಯನ್ನು ಬರೆದನು. ಇನ್ನೊಂದು ಕಡೆಯಲ್ಲಿ ಸೆರೆಯಲ್ಲಿದ್ದ ಅವನು ಏನು ಬರೆದಾನು? ತಾನು ತೀರಿಸುವೆನೆಂದು ಬರೆಯಲಿಲ್ಲ, ಕ್ಷಮಿಸಿರಿ ಎಂದೂ ಬರೆಯಲಿಲ್ಲ. ಆ ಕಡೆಯನ್ನು ದೇವರಿಗೆ ಬಿಟ್ಟನು.

ಆ ಸಹಾಯವನ್ನು ಹೊತ್ತು ತಂದವನು ಎಪಫ್ರೊದೀತನು. ಕೊಡಲು ಬಂದ ಅವನು ಕಾಯಿಲೆಬಿದ್ದು ಸಾಯುವ ಹಾಗಾದನೆಂದು 2ನೆಯ ಅಧ್ಯಾಯದಲ್ಲಿ ಓದುತ್ತೇವೆ. ಉಪಚಾರ ಮಾಡಬಂದವನು ಉಪಚಾರಕ್ಕೆ ಪಾತ್ರನಾದನು. ಊರಿನವರಿಗೆ ಸುದ್ದಿ ಮುಟ್ಟಿತೆಂದು ಕೇಳಿ ಅವನು ಬಹಳ ವ್ಯಸನಪಟ್ಟನಂತೆ. ಕೊಡುವವರ ಮನಸ್ಸೇ ಹಾಗೆ. ಗುಣವಾದ ಮೇಲೆ ಪೌಲನು ಅವನನ್ನು ಊರಿಗೆ ಕಳುಹಿಸಿ, ಸಂತೋಷದಿಂದ ಸೇರಿಸಿಕೊಳ್ಳಿರಿ ಎಂದು ಬೇಡಿಕೊಂಡನು. ಪೌಲನು ಕೊಟ್ಟ ರಸೀದಿಯನ್ನು ಅವನೇ ಕೈಯಲ್ಲಿ ಹಿಡಿದುಕೊಂಡು ಹೋದನೆಂದು ಎಣಿಸಲಾಗಿದೆ. ಅದರಲ್ಲಿ ನಾಲ್ಕು ಅಧ್ಯಾಯಗಳುಂಟು. ಸಂಜೆಯ ಕೂಟದಲ್ಲಿ ಒಂದೇ ಸಾರಿಗೆ ಓದಿ ಮುಗಿಸಬಹುದು.